ಕಲ್ಲಿನ ಧಕ್ಕೆಯ ಬೆನ್ನ ಹಿಂದೆ

ಹಡಗು ಬಂದು ನಿಲ್ಲುವ ಕಟ್ಟೆಗೆ ಧಕ್ಕೆ ಅನ್ನುತ್ತಾರೆ. ಹಳೆಯ ಧಕ್ಕೆಯ ಮೇಲೆ ನಿಂತವರೆಲ್ಲ ನೀರಿನ ಕಡೆಗೇ ಮುಖ ಮಾಡುತ್ತಾರೆ. ಅದು ಸಹಜ. ಹಡಗು ಬರುವುದು ಆ ಕಡೆಯಿಂದ, ಗಾಳಿ ಬೀಸುವುದು ಆ ಕಡೆಯಿಂದ. ಆದರೆ ಧಕ್ಕೆ ಕಟ್ಟಿದವರ ತಲೆಬಿಸಿ ಇದ್ದದ್ದು ಬೆನ್ನ ಹಿಂದೆ. ಗೋಡೆಯ ಹಿಂದೆ ತುಂಬಿದ ಮಣ್ಣು, ಆ ಮಣ್ಣಿನೊಳಗೆ ಸೇರಿಕೊಂಡ ನೀರು, ಅದರ ಮೇಲೆ ಪೇರಿಸಿಟ್ಟ ಸರಕು, ಇವೆಲ್ಲ ಸೇರಿ ಹಗಲೂ ರಾತ್ರಿ ಗೋಡೆಯನ್ನು ನೀರಿನ ಕಡೆಗೆ ತಳ್ಳುತ್ತಿರುತ್ತವೆ. ನೋಡುವವರಿಗೆ ಅದು ಸಮುದ್ರವನ್ನು ತಡೆಯಲು ಕಟ್ಟಿದ ಕೋಟೆಯಂತೆ ಕಾಣುತ್ತದೆ, ಅಲ್ವಾ? ಅದರ ನಿತ್ಯದ ಕೆಲಸ ಮಾತ್ರ ನೆಲ ಜಾರಿ ನೀರಿಗೆ ಬೀಳದಂತೆ ಹಿಡಿದುಕೊಳ್ಳುವುದು.

ಈ ಒಂದು ವಿಷಯ ತಲೆಗೆ ಹೋದ ಮೇಲೆ ಕಲ್ಲಿನ ಧಕ್ಕೆಗಳ ಬಗ್ಗೆ ಓದುವುದು ನನಗೆ ಬಿಡಲಾಗದ ಹುಚ್ಚಾಯಿತು. ಎಲ್ಲಿ ನೋಡಿದರೂ ಅದೇ ಕಥೆ. ಕಣ್ಣಿಗೆ ಕಾಣುವ ಮುಖ ಒಂದು, ಅದನ್ನು ನಿಲ್ಲಿಸಿರುವ ಕಾಣದ ಬೆನ್ನು ಇನ್ನೊಂದು. ಕಲ್ಲಿಗೂ ಹಾಗೇ, ಆ ಕಲ್ಲಿನ ಮೇಲೆ ನಡೆದ ವ್ಯಾಪಾರಕ್ಕೂ ಹಾಗೇ.

ಸ್ವಲ್ಪ ಲೆಕ್ಕ ಹಾಕೋಣ. ನೀರಿನಲ್ಲಿ 1 ಮೀಟರ್ ಕೆಳಗಿಳಿದರೆ ಪ್ರತಿ ಚದರ ಮೀಟರಿನ ಮೇಲೆ ಸುಮಾರು 1 ಟನ್ ಒತ್ತಡ. 10 ಮೀಟರ್ ಇಳಿದರೆ 10 ಟನ್. 10 ಮೀಟರ್ ಎತ್ತರದ ಗೋಡೆಯ ಹಿಂದೆ ಮಣ್ಣು ಮೇಲಿನವರೆಗೆ ನೆನೆದಿದೆ, ಮುಂದೆ ನೀರು ಪೂರ್ತಿ ಇಳಿದುಹೋಗಿದೆ ಅಂದುಕೊಳ್ಳಿ. ಆಗ ಗೋಡೆಯ ಒಂದೊಂದು ಮೀಟರ್ ಉದ್ದವನ್ನೂ ಹಿಂದಿನ ನೀರೇ ಸುಮಾರು 50 ಟನ್ ಬಲದಿಂದ ತಳ್ಳುತ್ತದೆ. ಮಣ್ಣಿನ ಪಾಲು ಬೇರೆ. ಗೋಡೆಯ ಎತ್ತರ ಎರಡು ಪಟ್ಟಾದರೆ ಈ ಬಲ ನಾಲ್ಕು ಪಟ್ಟಾಗುತ್ತದೆ. ಇದಕ್ಕೆ ಎದುರು ನಿಲ್ಲುವುದು ಕಲ್ಲಿನ ತೂಕ. ಒಂದು ಘನ ಮೀಟರ್ ಗ್ರಾನೈಟ್ ಸುಮಾರು 2.6 ಟನ್ ತೂಗುತ್ತದೆ. ಅದೇ ಕಲ್ಲು ನೀರಿನಲ್ಲಿ ಮುಳುಗಿದರೆ ಅದರ ತೂಕದಲ್ಲಿ 1 ಟನ್ ಕಡಿಮೆಯಾದಂತೆ. ಅಂದರೆ ಗೋಡೆಯ ಬುಡದಲ್ಲಿ, ಎಲ್ಲಿ ತೂಕ ಜಾಸ್ತಿ ಬೇಕೋ ಅಲ್ಲೇ ಕಲ್ಲು ಹಗುರವಾಗುತ್ತದೆ.

ಹಾಗಾಗಿ ಧಕ್ಕೆಗೆ ಕೆಟ್ಟ ಹೊತ್ತು ಯಾವುದು ಅಂದರೆ, ಅಲೆ ಬಂದು ಬಡಿಯುವ ಹೊತ್ತೇ ಆಗಬೇಕಿಲ್ಲ. ಉಬ್ಬರ ಇದ್ದಾಗ ಮುಂದಿನ ನೀರು ಗೋಡೆಗೆ ಆಸರೆ ಕೊಡುತ್ತದೆ. ಇಳಿತದಲ್ಲಿ ಆ ಆಸರೆ ಹೋಗುತ್ತದೆ. ಹಿಂದಿನ ಮಣ್ಣಿನಲ್ಲಿ ಸೇರಿದ ನೀರು ಅಷ್ಟು ಬೇಗ ಇಳಿಯುವುದಿಲ್ಲ. ಸಮುದ್ರ ಶಾಂತವಾಗಿ ಹಿಂದೆ ಸರಿದಿರುವ ಆ ಕೆಲವು ಗಂಟೆಗಳೇ ಗೋಡೆಗೆ ನಿಜವಾದ ಪರೀಕ್ಷೆ. ಜೋರು ಮಳೆಯೂ ಅದೇ ಹೊತ್ತಿಗೆ ಬಂದರೆ ಇನ್ನೂ ಕಷ್ಟ. ಹಳೆಯ ಧಕ್ಕೆಗಳ ಕಲ್ಲಿನ ಸಂದಿಯಲ್ಲಿ ಅಲ್ಲಲ್ಲಿ ಸಣ್ಣ ತೂತುಗಳಿರುತ್ತವೆ. ಇಳಿತದಲ್ಲಿ ಅವುಗಳಿಂದ ನೀರು ಒಸರುತ್ತಿರುತ್ತದೆ. ಗೊತ್ತಿಲ್ಲದವರಿಗೆ ಅದು ಸೋರುವ ಗೋಡೆ. ಹಿಂದೆ ಸೇರಿದ ನೀರು ಹೊರಗೆ ಹೋಗಲಿ ಅಂತಲೇ ಬಿಟ್ಟ ದಾರಿ ಅದು.

ಗೋಡೆಯ ಆಕಾರವೂ ಇದೇ ಲೆಕ್ಕದಿಂದ ಹುಟ್ಟಿದ್ದು. ಮೇಲೆ ಕಿರಿದು, ಕೆಳಗೆ ಅಗಲ. ಮುಂದಿನ ಮುಖ ಸ್ವಲ್ಪ ಹಿಂದಕ್ಕೆ ವಾಲಿರುತ್ತದೆ. ಹಿಂಬದಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟುತ್ತಾರೆ. ಆಗ ತಳ್ಳುವ ಮಣ್ಣೇ ಒಂದಿಷ್ಟು ಆ ಮೆಟ್ಟಿಲುಗಳ ಮೇಲೆ ಕೂತು ಗೋಡೆಗೆ ಭಾರ ಕೊಡುತ್ತದೆ. ನನಗೆ ಇಡೀ ಕಟ್ಟಡಗಾರಿಕೆಯಲ್ಲೇ ತುಂಬಾ ಇಷ್ಟವಾದ ಉಪಾಯ ಇದು. ಶತ್ರುವಿನ ತೂಕವನ್ನೇ ತನ್ನ ತೂಕ ಮಾಡಿಕೊಳ್ಳುವುದು. ಕೆಲವು ಕಡೆ ಹಿಂದೆ ಅಡ್ಡಗೋಡೆಗಳನ್ನು ಮಣ್ಣಿನೊಳಗೆ ಚಾಚುತ್ತಿದ್ದರು. ಜಾನ್ ರೆನ್ನಿಯಂಥ ಎಂಜಿನಿಯರುಗಳು ಮುಂದಿನ ಮುಖವನ್ನು ಬಾಗಿಸಿ ಕಟ್ಟಿದರು. ಆಗಿನ ಮರದ ಹಡಗುಗಳ ಹೊಟ್ಟೆ ದುಂಡಗಿತ್ತು, ಬಾಗಿದ ಗೋಡೆಗೆ ಸರಿಯಾಗಿ ಒರಗುತ್ತಿತ್ತು. ಮುಂದೆ ಪಕ್ಕಗಳು ನೆಟ್ಟಗಿರುವ ಕಬ್ಬಿಣದ ಹಡಗು ಬಂದ ಮೇಲೆ ನೆಟ್ಟಗಿನ ಗೋಡೆಯೇ ಬೇಕಾಯಿತು.

ಮಣ್ಣು ಎಷ್ಟು ತಳ್ಳುತ್ತದೆ ಅನ್ನುವುದಕ್ಕೆ ಸರಿಯಾದ ಸೂತ್ರ ಕೊಟ್ಟವನು ಫ್ರಾನ್ಸಿನ ಸೇನೆಯ ಎಂಜಿನಿಯರ್ ಕೂಲಂಬ್. ವಿದ್ಯುತ್ತಿನ ಪಾಠದಲ್ಲಿ ಬರುವ ಅದೇ ಕೂಲಂಬ್. ಮಾರ್ಟಿನಿಕ್ ದ್ವೀಪದಲ್ಲಿ ಕೋಟೆ ಕಟ್ಟಿಸಿ ಬಂದವನು, 1773ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ತನ್ನ ಲೆಕ್ಕ ಇಟ್ಟ. ಆದರೆ ನೆಲ ಸೂತ್ರದ ಮಾತು ಕೇಳುತ್ತದಾ? ಒಂದು ಕಡೆ ಜೇಡಿ, ಪಕ್ಕದಲ್ಲೇ ಮರಳು, ಅದರ ಕೆಳಗೆ ಕೆಸರು. 1881ರಲ್ಲಿ ಬೆಂಜಮಿನ್ ಬೇಕರ್ ಈ ಬಗ್ಗೆ ಒಂದು ಪ್ರಬಂಧ ಬರೆದ. ಮುಂದೆ ಸ್ಕಾಟ್ಲೆಂಡಿನ ಫೋರ್ತ್ ಸೇತುವೆ ಕಟ್ಟಿದವರಲ್ಲಿ ಅವನೂ ಒಬ್ಬ. ನಿಂತ ಗೋಡೆ, ಕುಸಿದ ಗೋಡೆ ಎರಡರ ಉದಾಹರಣೆಗಳನ್ನೂ ಒಟ್ಟುಮಾಡಿ, ಸೂತ್ರಕ್ಕೂ ನಿಜವಾದ ಮಣ್ಣಿಗೂ ಎಷ್ಟು ದೂರ ಅಂತ ಅದರಲ್ಲಿ ತೋರಿಸಿದ. ಕೂಲಂಬ್ ಆದ ನೂರು ವರ್ಷಗಳ ನಂತರವೂ ಎಂಜಿನಿಯರುಗಳು ಬಿದ್ದ ಗೋಡೆಗಳಿಂದಲೇ ಪಾಠ ಕಲಿಯುತ್ತಿದ್ದರು.

ಇನ್ನು ಕಲ್ಲನ್ನು ಕಲ್ಲಿಗೆ ಕೂಡಿಸುವ ಗಾರೆ. ಸಾಮಾನ್ಯ ಸುಣ್ಣ ಗಟ್ಟಿಯಾಗಲು ಗಾಳಿ ಬೇಕು. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಅದು ಮತ್ತೆ ಕಲ್ಲಿನಂತಾಗುತ್ತದೆ. ನೀರಿನ ಕೆಳಗೆ ಅದಕ್ಕೆ ಗಾಳಿ ಎಲ್ಲಿಂದ ಬರಬೇಕು? ರೋಮನ್ನರು ಸುಣ್ಣಕ್ಕೆ ಜ್ವಾಲಾಮುಖಿಯ ಬೂದಿ ಬೆರೆಸಿ ಇದನ್ನು ಬಗೆಹರಿಸಿಕೊಂಡಿದ್ದರು. ಇಟಲಿಯ ಪೊಜ್ಜುಓಲಿ ಊರಿನ ಬೂದಿ ಅದಕ್ಕೆ ಹೆಸರುವಾಸಿ. ಇಂಗ್ಲೆಂಡಿನಲ್ಲಿ ಈ ಪ್ರಶ್ನೆಯ ಬೆನ್ನುಹತ್ತಿದವನು ಜಾನ್ ಸ್ಮೀಟನ್ ಅನ್ನುವ ಎಂಜಿನಿಯರ್. ಎಡಿಸ್ಟೋನ್ ಬಂಡೆಯ ಮೇಲೆ ದೀಪಸ್ತಂಭ ಕಟ್ಟುವ ಕೆಲಸ 1756ರಲ್ಲಿ ಅವನ ಕೈಗೆ ಬಂತು. ಉಬ್ಬರ ಬಂದರೆ ಬಂಡೆಯೇ ಮುಳುಗುತ್ತದೆ. ಗಾರೆ ಒಣಗಲಿ ಅಂತ ಕಾಯುವ ಹಾಗಿಲ್ಲ. ಅವನು ಬೇರೆ ಬೇರೆ ಊರಿನ ಸುಣ್ಣದ ಕಲ್ಲು ತರಿಸಿ, ಒಂದೊಂದನ್ನೂ ಆಮ್ಲದಲ್ಲಿ ಕರಗಿಸಿ ನೋಡಿದ. ಕರಗಿದ ಮೇಲೆ ತಳದಲ್ಲಿ ಜೇಡಿ ಉಳಿಯುವ ಕಲ್ಲಿನ ಸುಣ್ಣವೇ ನೀರಿನಲ್ಲೂ ಗಟ್ಟಿಯಾಗುತ್ತದೆ ಅಂತ ಗೊತ್ತಾಯಿತು. ಅಲ್ಲಿಯವರೆಗೆ ಬಿಳಿ ಬಿಳಿ ಶುದ್ಧ ಕಲ್ಲಿನ ಸುಣ್ಣವೇ ಒಳ್ಳೆಯದು ಅನ್ನುವ ನಂಬಿಕೆ ಇತ್ತು. ವೇಲ್ಸಿನ ಆಬರ್ಥಾ ಸುಣ್ಣಕ್ಕೆ ಇಟಲಿಯ ಬೂದಿ ಬೆರೆಸಿ, ಗ್ರಾನೈಟ್ ಕಲ್ಲುಗಳನ್ನು ಒಂದಕ್ಕೊಂದು ಕಚ್ಚಿಕೊಳ್ಳುವಂತೆ ಕಡಿಸಿ ಅವನು ಗೋಪುರ ಎಬ್ಬಿಸಿದ. 1759ರಲ್ಲಿ ಅದರ ದೀಪ ಹತ್ತಿತು.

ಆ ಗೋಪುರಕ್ಕೆ ಮುಂದೆ ಏನಾಯಿತು ಅನ್ನುವುದನ್ನೂ ಹೇಳಿಬಿಡುತ್ತೇನೆ. ನೂರು ವರ್ಷ ಕಳೆದ ಮೇಲೆ ಅದು ಅಲುಗಾಡತೊಡಗಿತು. ಕಲ್ಲು ಗಟ್ಟಿಯಾಗಿತ್ತು, ಗಾರೆ ಗಟ್ಟಿಯಾಗಿತ್ತು. ಕೆಳಗಿನ ಬಂಡೆ ಸವೆದಿತ್ತು. 1882ರಲ್ಲಿ ಪಕ್ಕದ ಬಂಡೆಯ ಮೇಲೆ ಹೊಸ ದೀಪಸ್ತಂಭ ಬಂತು. ಸ್ಮೀಟನ್ನನ ಗೋಪುರದ ಮೇಲ್ಭಾಗವನ್ನು ಬಿಚ್ಚಿ ತಂದು ಪ್ಲಿಮತ್ ಊರಿನಲ್ಲಿ ಮತ್ತೆ ಜೋಡಿಸಿದರು. ಅದರ ಬುಡ ಇವತ್ತಿಗೂ ಸಮುದ್ರದ ನಡುವೆ ನಿಂತಿದೆ. ಧಕ್ಕೆಗಳ ಕಥೆಯೂ ಹೆಚ್ಚುಕಡಿಮೆ ಇದೇ. ಕಲ್ಲು ಕೈಕೊಡುವುದು ತುಂಬಾ ಅಪರೂಪ. ಬುಡ ಸರಿಯುತ್ತದೆ, ಇಲ್ಲವೇ ಹಿಂದಿನ ಮಣ್ಣು ಕೊಚ್ಚಿಹೋಗುತ್ತದೆ.

ಒಂದೇ ಊರಿನಲ್ಲಿ ಕಲ್ಲಿನ ಧಕ್ಕೆಯ ಇಡೀ ಚರಿತ್ರೆ ನೋಡಬೇಕು ಅನ್ನುವವರಿಗೆ ನಾನು ಇಂಗ್ಲೆಂಡಿನ ಲಿವರ್‌ಪೂಲ್ ಹೆಸರು ಹೇಳುತ್ತೇನೆ. ಅಲ್ಲಿಯ ಮರ್ಸಿ ನದಿಯಲ್ಲಿ ದೊಡ್ಡ ಉಬ್ಬರಕ್ಕೂ ಇಳಿತಕ್ಕೂ ನಡುವೆ ಸುಮಾರು 10 ಮೀಟರ್ ವ್ಯತ್ಯಾಸ. ಬೆಳಿಗ್ಗೆ ದಡಕ್ಕೆ ಕಟ್ಟಿದ ಹಡಗು ಮಧ್ಯಾಹ್ನದ ಹೊತ್ತಿಗೆ ಕೆಸರಿನಲ್ಲಿ ಮಲಗಿರುತ್ತದೆ. ಅದಕ್ಕೆ 1715ರಲ್ಲಿ ಥಾಮಸ್ ಸ್ಟಿಯರ್ಸ್ ಅನ್ನುವ ಎಂಜಿನಿಯರ್ ಅಲ್ಲಿ ಒಂದು ಹೊಸ ವ್ಯವಸ್ಥೆ ಮಾಡಿದ. ನಾಲ್ಕು ಕಡೆ ಗೋಡೆ, ನದಿಯ ಕಡೆ ಬಾಗಿಲು. ಉಬ್ಬರದಲ್ಲಿ ಬಾಗಿಲು ತೆರೆದು ಹಡಗು ಒಳಗೆ ಬಿಟ್ಟುಕೊಳ್ಳುವುದು, ಇಳಿಯುವ ಮೊದಲು ಮುಚ್ಚುವುದು. ಹೊರಗೆ ನದಿ ಎಷ್ಟೇ ಇಳಿದರೂ ಒಳಗೆ ನೀರು ಹಾಗೇ ನಿಂತಿರುತ್ತದೆ. ವ್ಯಾಪಾರಕ್ಕಾಗಿ ಹೀಗೆ ನೀರು ನಿಲ್ಲಿಸಿ ಕಟ್ಟಿದ ಮೊದಲ ಡಾಕ್ ಇದೇ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಗೋಡೆ ಇಟ್ಟಿಗೆಯದು, ಅಂಚಿಗೆ ಮಾತ್ರ ಮರಳುಗಲ್ಲು. ಬಾಗಿಲು ಹಾಕಿದ ಡಾಕ್‌ನಿಂದ ಗೋಡೆಗೂ ಒಳ್ಳೆಯದಾಯಿತು. ಮುಂದಿನ ನೀರಿನ ಆಸರೆ ಸದಾ ಇರುತ್ತದೆ. ರಿಪೇರಿಗೆ ಅಂತ ನೀರು ಖಾಲಿ ಮಾಡಿದಾಗ ಮಾತ್ರ ಎದೆ ಡವಡವ.

ಈ ಮೊದಲ ಡಾಕ್ ಲಿವರ್‌ಪೂಲನ್ನು ಶ್ರೀಮಂತ ಮಾಡಿತು. ಹೇಗೆ ಅನ್ನುವುದನ್ನು ಹೇಳದೆ ಮುಂದೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. 18ನೇ ಶತಮಾನದಲ್ಲಿ ಲಿವರ್‌ಪೂಲಿನ ಹಡಗುಗಳು ಆಫ್ರಿಕಾದಿಂದ ಜನರನ್ನು ಗುಲಾಮರಾಗಿ ಅಟ್ಲಾಂಟಿಕ್ ದಾಟಿಸಿದವು. ಹಾಗೆ ಸಾಗಿಸಿದವರ ಸಂಖ್ಯೆ ಹತ್ತು ಲಕ್ಷಕ್ಕೂ ಮೀರಿದ್ದು. ಆ ಜನ ಈ ಧಕ್ಕೆಯ ಮೇಲೆ ಕಾಲಿಟ್ಟದ್ದು ಕಡಿಮೆ. ಹಡಗು ಇಲ್ಲಿಂದ ಬಟ್ಟೆ, ಲೋಹದ ಸಾಮಾನು ತುಂಬಿಕೊಂಡು ಆಫ್ರಿಕಾಕ್ಕೆ ಹೋಗುತ್ತಿತ್ತು. ಅಲ್ಲಿಂದ ಜನರನ್ನು ತುಂಬಿಕೊಂಡು ಅಮೆರಿಕ, ಕೆರಿಬಿಯನ್ ಕಡೆಗೆ. ಅಲ್ಲಿಂದ ಸಕ್ಕರೆ, ಹೊಗೆಸೊಪ್ಪು, ಹತ್ತಿ ತುಂಬಿಕೊಂಡು ಮತ್ತೆ ಇಲ್ಲಿಗೆ. ಧಕ್ಕೆಯ ಮೇಲೆ ಕಂಡದ್ದು ಮೂಟೆ ಮತ್ತು ಪೀಪಾಯಿ ಮಾತ್ರ. 1807ರಲ್ಲಿ ಬ್ರಿಟನ್ ಗುಲಾಮರ ವ್ಯಾಪಾರ ನಿಲ್ಲಿಸಿತು. ಆದರೆ ಮುಂದೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಇದೇ ಧಕ್ಕೆಗಳ ಮೇಲೆ ಇಳಿದ ಅಮೆರಿಕದ ಹತ್ತಿ ಗುಲಾಮರು ಬಿಡಿಸಿದ ಹತ್ತಿಯೇ. ಕಲ್ಲಿನ ಕೆಲಸವನ್ನು ಮನಸಾರೆ ಹೊಗಳುವಾಗಲೂ ಈ ಹಣದ ಮೂಲ ನನ್ನ ತಲೆಯಿಂದ ಹೋಗುವುದಿಲ್ಲ. ಹೋಗಬಾರದು ಕೂಡ.

1824ರಲ್ಲಿ ಲಿವರ್‌ಪೂಲಿನ ಡಾಕ್‌ಗಳ ಹೊಣೆ ಜೆಸ್ಸಿ ಹಾರ್ಟ್ಲಿ ಅನ್ನುವವನ ಕೈಗೆ ಬಂತು. ಯಾರ್ಕ್‌ಷೈರಿನ ಪಾಂಟಿಫ್ರಾಕ್ಟ್ ಊರಿನವನು, ಕಲ್ಲುಕೆಲಸ ಕಲಿತು ಸೇತುವೆ ಕಟ್ಟಿಕೊಂಡಿದ್ದವನು. 1860ರಲ್ಲಿ ಸಾಯುವವರೆಗೂ, ಅಂದರೆ 36 ವರ್ಷ, ಅವನು ಆ ಕೆಲಸ ಬಿಡಲಿಲ್ಲ. ಅಷ್ಟರಲ್ಲಿ ನದಿಯ ದಡದುದ್ದಕ್ಕೂ ಡಾಕ್ ಮೇಲೆ ಡಾಕ್ ಎದ್ದವು. ಹಳೆಯವುಗಳಲ್ಲೂ ಅವನ ಕೈ ಬೀಳದೆ ಉಳಿದದ್ದು ಕಡಿಮೆ.

ಹಾರ್ಟ್ಲಿಯ ಗೋಡೆ ಸಾವಿರ ಗೋಡೆಗಳ ನಡುವೆಯೂ ಗುರುತು ಸಿಗುತ್ತದೆ. ಕಲ್ಲು ಗ್ರಾನೈಟ್. ಡಾಕ್ ಆಡಳಿತವೇ ಸ್ಕಾಟ್ಲೆಂಡಿನ ಕರ್ಕ್‌ಮಾಬ್ರೆಕ್‌ನಲ್ಲಿ ಕಲ್ಲುಗಣಿ ಹಿಡಿದಿತ್ತು. ಅಲ್ಲಿಂದ ಸಮುದ್ರದ ಮೇಲೆ ಕಲ್ಲು ಬರುತ್ತಿತ್ತು. ಬೇರೆಯವರು ಎಲ್ಲ ಕಲ್ಲನ್ನೂ ಚೌಕವಾಗಿ ಕಡಿದು ಸಾಲು ಸಾಲಾಗಿ ಜೋಡಿಸುತ್ತಿದ್ದರು. ಹಾರ್ಟ್ಲಿ ಹಾಗೆ ಮಾಡಲಿಲ್ಲ. ಗಣಿಯಲ್ಲಿ ದೊಡ್ಡದು, ಚಿಕ್ಕದು, ಸೊಟ್ಟದು ಹೇಗೆ ಸಿಕ್ಕಿತೋ ಹಾಗೇ ತರಿಸಿದ. ಭಾರಿ ಬಂಡೆಯೊಂದನ್ನು ಕೂರಿಸಿ, ಅದರ ಸುತ್ತ ಉಳಿದ ಮೂಲೆಗಳಿಗೆ ಸರಿಯಾಗಿ ಕೂರುವ ಚಿಕ್ಕ ಕಲ್ಲುಗಳನ್ನು ಕಡಿಸಿ ತುಂಬಿದ. ಸಂದು ಎಷ್ಟು ಸಣ್ಣದು ಅಂದರೆ ಗಾರೆ ಕಾಣುವುದೇ ಕಷ್ಟ. ಹೆಣೆದ ಬೆರಳುಗಳ ಹಾಗೆ ಒಂದು ಕಲ್ಲು ಇನ್ನೊಂದರೊಳಗೆ ಸಿಕ್ಕಿಹಾಕಿಕೊಂಡಿರುತ್ತದೆ. ಸಾಲಾಗಿ ಕಟ್ಟಿದ ಗೋಡೆಯಲ್ಲಿ ಒಂದು ಸಂದು ಬಿಟ್ಟರೆ ಬಿರುಕು ಆ ಸಾಲಿನುದ್ದಕ್ಕೂ ಓಡಬಹುದು. ಇಲ್ಲಿ ಓಡಲು ನೇರ ದಾರಿಯೇ ಇಲ್ಲ. ಗಣಿಯಿಂದ ಬಂದ ಕಲ್ಲಿನಲ್ಲಿ ವ್ಯರ್ಥವಾಗುವುದೂ ಕಡಿಮೆ. ಆದರೆ ಇಂಥ ಗೋಡೆಗೆ ಪ್ರತಿ ಕಲ್ಲಿನ ಮುಂದೆ ನಿಂತು ಯೋಚಿಸುವ ಕಲ್ಲುಕುಟಿಗ ಬೇಕು. ನಕ್ಷೆ ನೋಡಿ ಕಟ್ಟಲು ಬರುವುದಿಲ್ಲ. ಹಾರ್ಟ್ಲಿಯ ಹೆಸರು ಉಳಿಯಿತು. ಆ ಸೊಟ್ಟ ಮೂಲೆಗಳಿಗೆ ಸರಿಯಾದ ಕಲ್ಲು ಕಡಿದುಕೊಟ್ಟವರ ಹೆಸರೂ ಗೋಡೆಯ ಮೇಲೆ ಇರಬೇಕಿತ್ತು ಅಂತ ನನಗೆ ಅನಿಸುತ್ತದೆ.

ಅವನ ಕೆಲಸಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಆಲ್ಬರ್ಟ್ ಡಾಕ್. 1846ರ ಜುಲೈ 30ರಂದು ರಾಣಿ ವಿಕ್ಟೋರಿಯಾಳ ಗಂಡ ಆಲ್ಬರ್ಟ್ ಬಂದು ಅದನ್ನು ಉದ್ಘಾಟಿಸಿದ. ಅಲ್ಲಿಯವರೆಗೆ ಹಡಗಿನಿಂದ ಸರಕು ತೆರೆದ ಧಕ್ಕೆಯ ಮೇಲೆ ಇಳಿಯುತ್ತಿತ್ತು, ಆಮೇಲೆ ಗಾಡಿಯಲ್ಲಿ ಗೋದಾಮಿಗೆ ಹೋಗುತ್ತಿತ್ತು. ನಡುವೆ ಮಳೆ, ಕಳ್ಳತನ, ಜಗಳ. ಇಲ್ಲಿ ಗೋದಾಮನ್ನೇ ನೀರಿನ ಅಂಚಿಗೆ ತಂದು ನಿಲ್ಲಿಸಿದರು. ಐದು ಅಂತಸ್ತು. ಕೆಳಗೆ ದಪ್ಪದಪ್ಪ ಬೀಡುಕಬ್ಬಿಣದ ಕಂಬಗಳು, ಅವುಗಳ ಮೇಲೆ ಇಟ್ಟಿಗೆಯ ಗೋಡೆ. ಅಲ್ಲಲ್ಲಿ ಕ್ರೇನ್ ಆಡಲು ಎತ್ತರದ ಕಮಾನು. ಹಡಗಿನ ಹೊಟ್ಟೆಯಿಂದ ಎತ್ತಿದ ಸರಕು ಸೀದಾ ಗೋದಾಮಿನೊಳಗೆ. ಚಹಾ, ರೇಷ್ಮೆ, ಹೊಗೆಸೊಪ್ಪು, ಸಕ್ಕರೆ, ಮದ್ಯ, ದಂತ ಎಲ್ಲ ಇಲ್ಲಿ ಬರುತ್ತಿತ್ತು.

ಇಂಥ ಸರಕಿಗೆ ಬೆಂಕಿ ತಗುಲಿದರೆ ಮುಗಿಯಿತು. ಗೋದಾಮಿನ ಬೆಂಕಿ ಆ ಕಾಲದ ದೊಡ್ಡ ಭಯ. ಹಾರ್ಟ್ಲಿ ಮಾದರಿ ಕಟ್ಟಡ ಕಟ್ಟಿಸಿ, ಅದರೊಳಗೆ ಬೆಂಕಿ ಇಡಿಸಿ, ಏನು ಉಳಿಯುತ್ತದೆ ಅಂತ ನೋಡಿದ. ಆಮೇಲೆ ಕಟ್ಟಡದಲ್ಲಿ ಭಾರ ಹೊರುವ ಮರ ಒಂದೂ ಇರದಂತೆ ಮಾಡಿದ. ಬರೀ ಕಬ್ಬಿಣ, ಇಟ್ಟಿಗೆ, ಕಲ್ಲು. ಚಾವಣಿಯೂ ಕಬ್ಬಿಣದ ತಗಡಿನದು. ಆದರೆ ಇಡೀ ಕಟ್ಟಡದ ಭಾರ ಕೆಳಗೆ ಕೆಸರಿನಲ್ಲಿ ಹೊಡೆದ ಸಾವಿರಾರು ಬೀಚ್ ಅನ್ನುವ ಜಾತಿಯ ಮರದ ಕಂಬಗಳ ಮೇಲಿದೆ! ಮೇಲೆ ಮರ ಬೇಡ ಅಂದವನು ಕೆಳಗೆ ಮರವನ್ನೇ ನಂಬಿದ. ಅದಕ್ಕೆ ಕಾರಣ ಇದೆ. ಸದಾ ನೀರಿನ ಕೆಳಗಿರುವ ಮರಕ್ಕೆ ಗಾಳಿ ಸಿಗುವುದಿಲ್ಲ, ಹಾಗಾಗಿ ಬೇಗ ಕೊಳೆಯುವುದಿಲ್ಲ. ಒಮ್ಮೆ ನೆನೆದು ಒಮ್ಮೆ ಒಣಗುವ ಜಾಗದಲ್ಲೇ ಮರ ಹಾಳಾಗುವುದು.

ಯಂತ್ರದ ಕಥೆಯೂ ಇಲ್ಲೇ ಬರುತ್ತದೆ. ವಿಲಿಯಂ ಆರ್ಮ್‌ಸ್ಟ್ರಾಂಗ್ ಅನ್ನುವ ವಕೀಲ 1846ರಲ್ಲಿ ನ್ಯೂಕಾಸಲ್ ಊರಿನ ಧಕ್ಕೆಯ ಮೇಲೆ ನೀರಿನ ಒತ್ತಡದಿಂದ ನಡೆಯುವ ಕ್ರೇನ್ ನಿಲ್ಲಿಸಿ ತೋರಿಸಿದ. ಊರಿಗೆ ಬರುವ ನಲ್ಲಿ ನೀರಿನ ಒತ್ತಡವೇ ಅದಕ್ಕೆ ಶಕ್ತಿ. ಎರಡೇ ವರ್ಷದಲ್ಲಿ ಅಂಥ ಯಂತ್ರ ಆಲ್ಬರ್ಟ್ ಡಾಕ್‌ನಲ್ಲೂ ಸರಕು ಎತ್ತತೊಡಗಿತು. ಒತ್ತಡ ಇನ್ನೂ ಬೇಕು ಅಂದಾಗ ಎತ್ತರದ ಗೋಪುರ ಕಟ್ಟಿ ಅದರ ಮೇಲೆ ನೀರು ನಿಲ್ಲಿಸಿದರು. ಗ್ರಿಮ್ಸ್‌ಬಿ ಊರಿನಲ್ಲಿ 1852ರಲ್ಲಿ ಕಟ್ಟಿದ ಅಂಥ ಗೋಪುರದ ಎತ್ತರ 94 ಮೀಟರ್. ಅಷ್ಟರಲ್ಲಿ ಆರ್ಮ್‌ಸ್ಟ್ರಾಂಗ್ ಇನ್ನೊಂದು ದಾರಿ ಹುಡುಕಿದ್ದ. ಸಿಲಿಂಡರಿನೊಳಗಿನ ನೀರಿನ ಮೇಲೆ ಭಾರಿ ತೂಕ ಹೇರಿದರೆ ಸಾಕು, ಗೋಪುರವೇ ಬೇಡ.

ಆದರೂ ಯಂತ್ರ ಎತ್ತಿದ್ದಕ್ಕಿಂತ ಮನುಷ್ಯ ಹೊತ್ತದ್ದೇ ಜಾಸ್ತಿ. ಹಡಗಿನ ಒಳಗೆ ಇಳಿದು ಮೂಟೆಗೆ ಕೊಕ್ಕೆ ಹಾಕುವವನು ಮನುಷ್ಯ. ಧಕ್ಕೆಯ ಮೇಲೆ ಉರುಳಿಸುವವನು, ತೂಗುವವನು, ಬೆನ್ನ ಮೇಲೆ ಹೊರುವವನು ಎಲ್ಲ ಮನುಷ್ಯರೇ. ಅವರಿಗೆ ಕಾಯಂ ಕೆಲಸ ಇರಲಿಲ್ಲ. ಬೆಳಿಗ್ಗೆ ಬಂದು ಗುಂಪಾಗಿ ನಿಲ್ಲಬೇಕು. ಮೇಸ್ತ್ರಿ ಬಂದು ನೀನು ಬಾ, ನೀನು ಬಾ ಅಂತ ಆರಿಸುತ್ತಾನೆ. ಉಳಿದವರು ಮಧ್ಯಾಹ್ನ ಮತ್ತೆ ಬಂದು ನಿಲ್ಲಬೇಕು. ಹಡಗು ಬಂದರೆ ಊಟ, ಬಾರದಿದ್ದರೆ ಇಲ್ಲ. ಗಾಳಿ ತಿರುಗಿ ಹಾಯಿಹಡಗು ತಡವಾದರೆ ಎಷ್ಟೋ ಮನೆಗಳಲ್ಲಿ ಒಲೆ ಹೊತ್ತುತ್ತಿರಲಿಲ್ಲ. 1889ರ ಆಗಸ್ಟಿನಲ್ಲಿ ಲಂಡನ್ನಿನ ಡಾಕ್ ಕಾರ್ಮಿಕರು ಮುಷ್ಕರ ಹೂಡಿದರು. ಕೇಳಿದ್ದು ಗಂಟೆಗೆ 6 ಪೆನ್ನಿ. ಗೆದ್ದರು. ಆದರೆ ದಿನ ಬೆಳಗಾದರೆ ಗುಂಪಿನಲ್ಲಿ ನಿಂತು ಆರಿಸಿಕೊಳ್ಳುವ ಪದ್ಧತಿ ಬ್ರಿಟನ್ನಿನಲ್ಲಿ ಪೂರ್ತಿ ಕೊನೆಯಾದದ್ದು 1967ರಲ್ಲಿ. ಆ ಹೊತ್ತಿಗೆ ಮೂಟೆ ಹೊರುವ ಕೆಲಸವೇ ಮುಗಿಯುತ್ತಾ ಬಂದಿತ್ತು.

ಧಕ್ಕೆಯ ನೆಲದ ಮೇಲೆ ಈ ಕೆಲಸದ ಗುರುತುಗಳು ಉಳಿದಿರುತ್ತವೆ. ಅವುಗಳನ್ನು ನೋಡಲು ಸುಮ್ನೆ ತಲೆ ತಗ್ಗಿಸಿದರೆ ಸಾಕು. ಅಂಚಿನ ಕಲ್ಲು ಉಳಿದೆಲ್ಲ ಕಲ್ಲಿಗಿಂತ ದೊಡ್ಡದು. ಅದರ ಮೂಲೆಯನ್ನು ದುಂಡಗೆ ಮಾಡಿರುತ್ತಾರೆ, ಹಗ್ಗ ಕತ್ತರಿಸದಿರಲಿ ಅಂತ. ಆದರೂ ವರ್ಷಗಟ್ಟಲೆ ಎಳೆದ ಹಗ್ಗ ಅದರಲ್ಲಿ ಗೀರು ಕೊರೆದಿರುತ್ತದೆ. ಹಗ್ಗದಲ್ಲಿ ಸಿಕ್ಕಿಕೊಂಡ ಮರಳೇ ಉಜ್ಜುಗಲ್ಲಿನ ಕೆಲಸ ಮಾಡುತ್ತದೆ. ಹಡಗು ಕಟ್ಟುವ ಮೋಟು ಕಂಬಗಳು ಕೆಲವು ಕಡೆ ಹಳೆಯ ಫಿರಂಗಿಗಳು. ಯುದ್ಧ ಮುಗಿದ ಮೇಲೆ ಅರ್ಧ ಹೂತು ನಿಲ್ಲಿಸಿದ್ದು. ಅಕ್ಕಪಕ್ಕದ ಅಂಚುಗಲ್ಲುಗಳನ್ನು ಕಬ್ಬಿಣದ ಕೊಂಡಿಯಿಂದ ಬಿಗಿದಿದ್ದರೆ, ಅಲ್ಲಿ ಕಲ್ಲು ಸೀಳಿರುವುದೂ ಕಾಣಬಹುದು. ಕಬ್ಬಿಣ ತುಕ್ಕು ಹಿಡಿದರೆ ಉಬ್ಬುತ್ತದೆ, ಉಬ್ಬಿದರೆ ಗ್ರಾನೈಟನ್ನೂ ಒಡೆಯುತ್ತದೆ. ಅದಕ್ಕೇ ತಿಳಿದವರು ಕಬ್ಬಿಣದ ಸುತ್ತ ಸೀಸ ಸುರಿಯುತ್ತಿದ್ದರು, ಇಲ್ಲವೇ ಕಲ್ಲಿನದೇ ಬೆಣೆ ಹಾಕುತ್ತಿದ್ದರು.

ಇಷ್ಟು ಗಟ್ಟಿಯಾಗಿ ಕಟ್ಟಿದ ಆಲ್ಬರ್ಟ್ ಡಾಕ್ ಎಷ್ಟು ಕಾಲ ಪೂರ್ತಿ ಉಪಯೋಗಕ್ಕೆ ಬಂತು? ಕೆಲವೇ ದಶಕ. ಅದನ್ನು ಕಟ್ಟಿದ್ದು ಹಾಯಿಹಡಗುಗಳ ಅಳತೆಗೆ. ಉಗಿಹಡಗುಗಳು ಉದ್ದವಾದವು, ಅಗಲವಾದವು. ಬಾಗಿಲಿನಲ್ಲಿ ತೂರಲು ಆಗಲಿಲ್ಲ. ಬೇಗ ಸರಕು ಇಳಿಸಿ ಹೊರಡಲು ಬೇಕಾದ ಅಗಲ ಧಕ್ಕೆ ಅಲ್ಲಿರಲಿಲ್ಲ. ಗೋದಾಮನ್ನು ನೀರಿನ ಅಂಚಿಗೆ ತಂದದ್ದೇ ಈಗ ಅಡ್ಡಿಯಾಯಿತು. 1920ರ ಹೊತ್ತಿಗೆ ಹಡಗು ಬರುವುದು ಹೆಚ್ಚುಕಡಿಮೆ ನಿಂತಿತ್ತು. ಗೋದಾಮುಗಳಷ್ಟೇ ಕೆಲಸ ಮಾಡುತ್ತಿದ್ದವು. ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿತ್ತು. ಆಮೇಲೆ ಕಂಟೇನರ್ ಬಂತು. 1956ರ ಏಪ್ರಿಲ್ 26ರಂದು ಐಡಿಯಲ್ ಎಕ್ಸ್ ಅನ್ನುವ ಹಡಗು 58 ಕಂಟೇನರ್ ಹೊತ್ತು ಅಮೆರಿಕದ ನ್ಯೂವಾರ್ಕಿನಿಂದ ಹ್ಯೂಸ್ಟನ್ನಿಗೆ ಹೊರಟಿತು. ಮಾಲ್ಕಂ ಮೆಕ್ಲೀನ್ ಅನ್ನುವ ಲಾರಿ ಮಾಲೀಕನ ಯೋಜನೆ ಅದು. ಹಡಗಿಗೆ ಸರಕು ತುಂಬುವ ಖರ್ಚು ಟನ್ನಿಗೆ 5.86 ಡಾಲರ್ ಇದ್ದದ್ದು 16 ಸೆಂಟಿಗೆ ಇಳಿಯಿತು ಅನ್ನುವುದು ಆ ಪ್ರಯಾಣದ ಬಗ್ಗೆ ಸಾಮಾನ್ಯವಾಗಿ ಕೊಡುವ ಲೆಕ್ಕ. ಕಂಟೇನರಿಗೆ ನೀರಿನ ಅಂಚಿನಲ್ಲಿ ಗೋದಾಮು ಬೇಡ. ಎಕರೆಗಟ್ಟಲೆ ಬಯಲು ಬೇಕು. ಹಳೆಯ ಕಲ್ಲಿನ ಧಕ್ಕೆಗಳಲ್ಲಿ ಇಲ್ಲದ್ದು ಅದೊಂದೇ.

ಆಲ್ಬರ್ಟ್ ಡಾಕ್ 1972ರಲ್ಲಿ ಮುಚ್ಚಿತು. ನದಿಯ ಹೂಳು ಒಳಗೆ ಬಂದು ತುಂಬಿತು. ಕೆಡವಿಬಿಡುವ ಮಾತೂ ಎದ್ದಿತ್ತು. 1980ರ ದಶಕದಲ್ಲಿ ಹೂಳೆತ್ತಿ, ಕಟ್ಟಡ ರಿಪೇರಿ ಮಾಡಿ, ಮ್ಯೂಸಿಯಂ, ಅಂಗಡಿ, ಮನೆಗಳಿಗೆ ಜಾಗ ಮಾಡಿದರು. 1988ರಲ್ಲಿ ಟೇಟ್ ಕಲಾ ಗ್ಯಾಲರಿ ಬಂತು. 2007ರಲ್ಲಿ ಗುಲಾಮಗಿರಿಯ ಚರಿತ್ರೆ ಹೇಳುವ ಅಂತರರಾಷ್ಟ್ರೀಯ ಮ್ಯೂಸಿಯಂ ಅಲ್ಲೇ ತೆರೆಯಿತು. ಹಳೆಯ ಧಕ್ಕೆಯನ್ನು ಕಾಫಿ ಕುಡಿಯುವ ಜಾಗ ಮಾಡುತ್ತಾರೆ ಅಂತ ಬೇಸರಪಡುವವರಿದ್ದಾರೆ. ನನಗೆ ಆ ಬೇಸರ ಇಲ್ಲ. ಜನ ಓಡಾಡುವ ಕಟ್ಟಡಕ್ಕೆ ಯಾರಾದರೂ ಚಾವಣಿ ರಿಪೇರಿ ಮಾಡಿಸುತ್ತಾರೆ. ಆ ಮ್ಯೂಸಿಯಂ ಅದೇ ಗೋದಾಮಿನೊಳಗೆ ಇರುವುದಂತೂ ತುಂಬಾ ಸರಿಯಾದ ಕೆಲಸ. ಸರಕು ಎಲ್ಲಿಂದ ಬಂತು ಅನ್ನುವುದನ್ನು ಸರಕು ಇಳಿದ ಜಾಗದಲ್ಲೇ ಹೇಳಬೇಕು.

ಸ್ಟಿಯರ್ಸನ ಮೊದಲ ಡಾಕ್ ಬೇರೆ ದಾರಿ ಹಿಡಿದಿತ್ತು. 1826ರಲ್ಲಿ ಅದನ್ನು ಮುಚ್ಚಿ ಮಣ್ಣು ತುಂಬಿ, ಮೇಲೆ ಕಸ್ಟಮ್ಸ್ ಕಚೇರಿ ಕಟ್ಟಿದರು. 2001ರಲ್ಲಿ ಉತ್ಖನನ ಮಾಡಿದಾಗ ಇಟ್ಟಿಗೆಯ ಗೋಡೆ ಮತ್ತೆ ಕಂಡಿತು. ಈಗ ಶಾಪಿಂಗ್ ಸಂಕೀರ್ಣದ ಕೆಳಗೆ ಹೋಗಿ ಅದರ ಒಂದು ಮೂಲೆಯನ್ನು ನೋಡಬಹುದು. ಸುಮಾರು 175 ವರ್ಷ ಮಣ್ಣಿನಲ್ಲಿದ್ದರೂ ಗೋಡೆ ಚೆನ್ನಾಗಿಯೇ ಇದೆ. ಅದರಲ್ಲಿ ಆಶ್ಚರ್ಯ ಇಲ್ಲ. ಎರಡೂ ಕಡೆ ಮಣ್ಣಿದ್ದರೆ ತಳ್ಳುವವರು ಯಾರು? ತುಂಬಿಸಿದ ಡಾಕ್‌ನ ಗೋಡೆಗೆ ಕೆಲಸವೇ ಉಳಿಯುವುದಿಲ್ಲ.

ಇದೇ ತರ್ಕ ಇತ್ತೀಚೆಗೆ ಬ್ರಾಮ್ಲಿ-ಮೂರ್ ಡಾಕ್‌ನ ವಿಷಯದಲ್ಲಿ ಮತ್ತೆ ಬಂತು. ಅದು ಹಾರ್ಟ್ಲಿ ಕಟ್ಟಿದ, 1848ರ ಡಾಕ್. ಎವರ್ಟನ್ ಫುಟ್‌ಬಾಲ್ ಕ್ಲಬ್ಬಿನ ಹೊಸ ಕ್ರೀಡಾಂಗಣಕ್ಕಾಗಿ ಅದರೊಳಗೆ ಸಮುದ್ರದಿಂದ ತೆಗೆದ ಮರಳು ತುಂಬಿದರು. ಕಲ್ಲಿನ ಗೋಡೆಗಳನ್ನು ಒಡೆಯದೆ ಹಾಗೇ ಉಳಿಸಿಕೊಂಡರು. ಕ್ರೀಡಾಂಗಣ 2025ರಲ್ಲಿ ತೆರೆಯಿತು. ಆ ನಡುವೆ 2021ರ ಜುಲೈಯಲ್ಲಿ ಯುನೆಸ್ಕೊ ಲಿವರ್‌ಪೂಲನ್ನು ವಿಶ್ವ ಪರಂಪರೆಯ ಪಟ್ಟಿಯಿಂದ ತೆಗೆದುಹಾಕಿತು. 2004ರಲ್ಲಿ ಸೇರಿಸಿದ್ದ ಊರು ಅದು. ದಡದ ಮೇಲೆ ನಡೆದ, ನಡೆಯಲಿರುವ ಹೊಸ ಕಟ್ಟೋಣಗಳೆಲ್ಲ ಅದಕ್ಕೆ ಕಾರಣ, ಕ್ರೀಡಾಂಗಣವೂ ಅವುಗಳಲ್ಲೊಂದು. ಪಾಳು ಬಿದ್ದಿದ್ದ ಜಾಗಕ್ಕೆ ಜೀವ ಬಂತು ಅನ್ನುವವರ ಮಾತು ನನಗೆ ಅರ್ಥವಾಗುತ್ತದೆ. ಗೋಡೆ ಹಾಳಾಗಲಿಲ್ಲ ಅನ್ನುವುದೂ ನಿಜ. ಆದರೂ ನಾನು ಯುನೆಸ್ಕೊ ಕಡೆಗೇ ವಾಲುತ್ತೇನೆ. ನೀರಿಲ್ಲದ ಮೇಲೆ ಆ ಗೋಡೆ ಯಾಕೆ ಅಷ್ಟು ದಪ್ಪ, ಯಾಕೆ ಹಾಗೆ ಹೆಣೆದದ್ದು ಅನ್ನುವುದು ನೋಡುವವರಿಗೆ ಗೊತ್ತಾಗುವುದಿಲ್ಲ. ಡಾಕ್ ಅಂದರೆ ಕಲ್ಲಷ್ಟೇ ಅಲ್ಲ. ಕಲ್ಲು, ನೀರು, ಮಣ್ಣು ಮೂರರ ನಡುವಿನ ಹಿಡಿತ ಅದು.

ಇನ್ನೂ ನೀರಿನಲ್ಲೇ ನಿಂತಿರುವ ಧಕ್ಕೆಗಳು ಬೇಕಾದಷ್ಟಿವೆ. ಅವುಗಳ ರಿಪೇರಿ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಒಳ್ಳೆಯ ಮನಸ್ಸಿನಿಂದ ಹಾಳು ಮಾಡುವುದು ಇಲ್ಲೇ ಜಾಸ್ತಿ. ಸುಣ್ಣದ ಗಾರೆ ಸವೆದ ಸಂದುಗಳಿಗೆ ಸಿಮೆಂಟ್ ಮೆತ್ತಿಬಿಡುತ್ತಾರೆ. ನೋಡಲು ಗಟ್ಟಿ. ಸುಣ್ಣದ ಗಾರೆ ಸ್ವಲ್ಪ ಬಾಗುತ್ತದೆ, ನೀರನ್ನು ಸ್ವಲ್ಪ ಒಸರಲು ಬಿಡುತ್ತದೆ. ಸಣ್ಣ ಬಿರುಕಾದರೆ ಕರಗಿದ ಸುಣ್ಣವೇ ಅಲ್ಲಿ ಮತ್ತೆ ಹೆಪ್ಪುಗಟ್ಟಿ ಮುಚ್ಚುವುದೂ ಉಂಟು. ಸಿಮೆಂಟ್ ಇದ್ಯಾವುದನ್ನೂ ಮಾಡುವುದಿಲ್ಲ. ಮರಳುಗಲ್ಲಿನ ಗೋಡೆಯಾದರೆ ಸಿಮೆಂಟ್ ಉಳಿದು ಕಲ್ಲೇ ಸವೆಯುತ್ತದೆ. ಇನ್ನೂ ಕೆಟ್ಟದ್ದು, ಸೋರುತ್ತಿದೆ ಅಂತ ನೀರು ಹೋಗುವ ತೂತುಗಳನ್ನೂ ಮುಚ್ಚುವುದು. ಆಗ ಹಿಂದಿನ ನೀರಿಗೆ ದಾರಿ ಇಲ್ಲ. ಮುಂದಿನ ಇಳಿತದಲ್ಲಿ ಅಷ್ಟೂ ಭಾರ ಗೋಡೆಯ ಮೇಲೆ. ಇನ್ನೊಂದು ಕಡೆ, ಸಂದು ತೀರಾ ಬಾಯಿ ಬಿಟ್ಟರೆ ನೀರಿನ ಜೊತೆ ಮಣ್ಣೂ ಹೊರಗೆ ಹರಿಯುತ್ತದೆ. ಹಾಸುಗಲ್ಲಿನ ಕೆಳಗೆ ಪೊಳ್ಳಾಗುತ್ತದೆ. ಮೇಲೆ ನೆಲ ಒಂದು ಕಡೆ ತುಸು ಕುಗ್ಗಿದ್ದು ಕಂಡರೆ ತಡಮಾಡದೆ ಕೆಳಗೆ ನೋಡಬೇಕು. ಹಾಗಾಗಿ ಸರಿಯಾದ ರಿಪೇರಿ ಅಂದರೆ ಇಷ್ಟು: ಸಂದಿನ ಹಳೆಯ ಗಾರೆ ಆಳವಾಗಿ ತೆಗೆಯಬೇಕು, ನೀರಿನಲ್ಲಿ ಗಟ್ಟಿಯಾಗುವ ಸುಣ್ಣವನ್ನೇ ಇಳಿತದ ಹೊತ್ತು ನೋಡಿ ತುಂಬಬೇಕು, ಒಸರುವ ತೂತುಗಳನ್ನು ಕಸ ತೆಗೆದು ತೆರೆದಿಡಬೇಕು. ಕೆಲಸ ನಿಧಾನ. ಉಬ್ಬರ ಬಂದರೆ ಸಾಮಾನು ಎತ್ತಿಕೊಂಡು ಮೇಲೆ ಬರಬೇಕು, ಇಳಿದ ಮೇಲೆ ಮತ್ತೆ ಶುರು ಮಾಡಬೇಕು.